ಪೆಟ್ಟಿಗೆ ಇದ್ದರೆ ಸಾಲದು, ಕೈ ಪಳಗಬೇಕು



ನಿಮ್ಮ ಶಾಲೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಎಲ್ಲಿದೆ? ಅದರ ಬೀಗದ ಕೈ ಯಾರ ಬಳಿ ಇದೆ? ಅದನ್ನು ಕೊನೆಯ ಬಾರಿ ತೆರೆದದ್ದು ಯಾವಾಗ? ಈ ಮೂರು ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಹೇಳಲು ಬಾರದಿದ್ದರೆ ಆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಕಡೂರಿನ ರಾಗಿ ಹೊಲ, ತರೀಕೆರೆಯ ಅಡಿಕೆ ತೋಟ, ಅಜ್ಜಂಪುರದ ಈರುಳ್ಳಿ ಹೊಲ – ಎಲ್ಲೆಡೆಯೂ ನಮ್ಮಲ್ಲಿ ಅನೇಕರು ಬರಿಗಾಲಿನಲ್ಲಿ ಓಡಾಡುತ್ತೇವೆ. ಇಲಿಗಳಿದ್ದಲ್ಲಿ ಹಾವು ಬರುವುದು ಸಹಜ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ – ಈ ನಾಲ್ಕೂ ಅಪಾಯಕಾರಿ. ಇವುಗಳ ವಿಷಕ್ಕೆ ಮದ್ದು ಪ್ರತಿವಿಷ. ಅದನ್ನು ಕೊಡುವುದು ಆಸ್ಪತ್ರೆಯಲ್ಲಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಆದರೆ ಆಸ್ಪತ್ರೆ ತಲುಪುವವರೆಗಿನ ಹೊತ್ತು ನಮ್ಮ ಕೈಯಲ್ಲಿದೆ. ಕಡಿತಕ್ಕೊಳಗಾದವರನ್ನು ನಡೆಸಬಾರದು. ಕಾಲಿಗೆ ಆಸರೆಯಾಗಿ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಬೇಕು. ಹಗ್ಗದಿಂದ ಬಿಗಿಯುವುದು, ಕೊಯ್ಯುವುದು, ಚೀಪುವುದು ಸಲ್ಲದು.

‘ಇದೆಲ್ಲ ಓದಿದ್ದೇವೆ’ ಎನ್ನುತ್ತೀರಾ? ಓದುವುದು ಬೇರೆ, ಮಾಡುವುದು ಬೇರೆ. ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ. ಎದೆ ಢವಗುಟ್ಟುತ್ತದೆ, ಬೆರಳು ನಡುಗುತ್ತದೆ, ಓದಿದ್ದು ಮರೆಯುತ್ತದೆ. ಮತ್ತೆ ಮತ್ತೆ ಮಾಡಿದ ಕೆಲಸ ಮಾತ್ರ ಸೈಕಲ್ ಸವಾರಿಯಂತೆ ತಾನಾಗಿ ಬರುತ್ತದೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ನಗುತ್ತಿದ್ದುದು ಸುಮ್ಮನೆ ಅಲ್ಲ.

‘ಮಕ್ಕಳ ಕೈಗೆ ಕೊಟ್ಟರೆ ಸಾಮಾನು ಹಾಳಾಗುತ್ತದೆ’ ಎಂಬುದು ಗುರುಗಳ ಆತಂಕ. ಅದು ನ್ಯಾಯವಾದದ್ದೇ. ಅಭ್ಯಾಸಕ್ಕೆ ಪೆಟ್ಟಿಗೆಯ ಬ್ಯಾಂಡೇಜು ಬೇಡ. ಹಳೆಯ ಸೀರೆಯ ಪಟ್ಟಿ, ನಯಮಾಡಿದ ಅಡಿಕೆ ದಬ್ಬೆ ಸಾಕು. ಮುಚ್ಚಿಟ್ಟ ಸಾಮಾನೂ ಹಾಳಾಗುತ್ತದೆ ಎಂಬುದನ್ನು ಮರೆಯಬಾರದು. ಟಾರ್ಚಿನ ಸೆಲ್ ಸೋರುತ್ತದೆ, ಕತ್ತರಿಗೆ ತುಕ್ಕು ಹಿಡಿಯುತ್ತದೆ, ಓ.ಆರ್.ಎಸ್. ಪೊಟ್ಟಣದ ಅವಧಿ ಮುಗಿಯುತ್ತದೆ. ತೆರೆದು ನೋಡಿದರಲ್ಲವೇ ತಿಳಿಯುವುದು?

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ತಿಂಗಳ ಕೊನೆಯ ಶನಿವಾರ ಗುರುಗಳ ಎದುರು ಅರ್ಧ ಗಂಟೆ ಪೆಟ್ಟಿಗೆ ತೆರೆಯಲಿ.

ಮೊದಲು, ಎಲ್ಲ ವಸ್ತುಗಳ ದಿನಾಂಕ ಓದಿ ಪಟ್ಟಿ ಮಾಡಿ. ಮಾತ್ರೆಗಳನ್ನು ಗುರುಗಳೇ ನೋಡಲಿ.

ಎರಡನೆಯದಾಗಿ, ಗೆಳೆಯನ ಕಾಲಿಗೆ ದಬ್ಬೆ ಕಟ್ಟಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಕೆಂಪು ಬಣ್ಣ ಬೇಗನೆ ಮರಳದಿದ್ದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಿ.

ಮೂರನೆಯದಾಗಿ, ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆ, ಓದಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ಕುದಿಸಿ ಆರಿಸಿದ ನೀರು ಬೇಕು. ನಿಮ್ಮ ಶಾಲೆಯ ಯಾವ ಪಾತ್ರೆ ಅಷ್ಟು ಹಿಡಿಯುತ್ತದೆ? ಅಳೆದು ಗುರುತು ಹಾಕಿ.

ನಾಲ್ಕನೆಯದಾಗಿ, 108ಕ್ಕೆ ಕರೆ ಮಾಡಿದಂತೆ ನಟಿಸಿ. ಊರು, ಹೋಬಳಿ, ಹತ್ತಿರದ ಗುರುತು – ಇವನ್ನು ತಡವರಿಸದೆ ಹೇಳಬಲ್ಲಿರಾ? ನಿಜವಾದ ಕರೆ ಮಾತ್ರ ಮಾಡಬೇಡಿ. ಅದು ಇನ್ನೊಬ್ಬರ ಪ್ರಾಣಕ್ಕೆ ಬೇಕಾದ ದಾರಿ.

ಮನೆಯಲ್ಲೂ ಟಾರ್ಚು, ಸೀಟಿ, ಶುಭ್ರ ಬಟ್ಟೆ, ಓ.ಆರ್.ಎಸ್. ಇರುವ ಪುಟ್ಟ ಚೀಲವೊಂದು ಇರಲಿ. ಕತ್ತಲಲ್ಲಿ ಕೈ ಹಾಕಿದರೆ ಟಾರ್ಚು ಸಿಗಬೇಕು, ಹೊತ್ತಬೇಕು.

ಈ ಶನಿವಾರವೇ ಗುರುಗಳ ಬಳಿ ಬೀಗದ ಕೈ ಕೇಳುತ್ತೀರಲ್ಲವೇ?