ವಾಸು ದೀಕ್ಷಿತರ ಇನ್ನೊಂದು ತಂಡ ಮತ್ತು ನಮ್ಮ ಮಕ್ಕಳ ಕನ್ನಡ

ಬೆಂಗಳೂರಿನ ಜಾನಪದ-ರಾಕ್ ತಂಡ 'ಸ್ವರಾತ್ಮ' 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ 'ಟೋಪಿವಾಲೆ' ಹೊರತಂದಿತು. ಅದರ ಹಾಡುಗಳಲ್ಲಿ ಹಿಂದಿಯದೇ ಪ್ರಾಬಲ್ಯ. 'ಈ ಭೂಮಿ'ಯಂತಹ ಕನ್ನಡ ಹಾಡುಗಳು ವಿರಳ. ತಂಡದ ಗಾಯಕ ವಾಸು ದೀಕ್ಷಿತರು ಇದರ ಜೊತೆಜೊತೆಗೆ 'ವಾಸು ದೀಕ್ಷಿತ್ ಕಲೆಕ್ಟಿವ್' ಎಂಬ ಇನ್ನೊಂದು ತಂಡ ಕಟ್ಟಿ ಪುರಂದರದಾಸ, ಕನಕದಾಸ, ಶಿಶುನಾಳ ಶರೀಫರ ರಚನೆಗಳನ್ನು ಇಂದಿನ ವಾದ್ಯಗಳೊಡನೆ ಹಾಡಿದರು.

ಕನ್ನಡಕ್ಕೆ ಪ್ರತ್ಯೇಕ ತಂಡವೇಕೆ ಬೇಕಾಯಿತು? ದೇಶದಾದ್ಯಂತ ಹಾಡುವವರಿಗೆ ಹಿಂದಿ ಅನಿವಾರ್ಯವಾಗುತ್ತದೆ ಎಂಬುದು ನನ್ನ ಊಹೆ. ನಮ್ಮ ಸ್ಥಿತಿಯೂ ಭಿನ್ನವಲ್ಲ. ಬ್ಯಾಂಕಿನಲ್ಲಿ ನಾನು ದಿನವಿಡೀ ವ್ಯವಹರಿಸುವುದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಡೊಂಬಿವಲಿ, ಕಲ್ಯಾಣದ ಅನೇಕ ಮನೆಗಳಲ್ಲಿ ಆಡುಮಾತು ತುಳು. ಕನ್ನಡ ಉಳಿದಿರುವುದು ಭಾನುವಾರದ ಸಂಘದ ಸಭೆಗೆ, ಭಜನೆಗೆ, ಯಕ್ಷಗಾನಕ್ಕೆ. ಹೀಗೆ ಬದುಕಿನ ಬದಿಗೆ ಸರಿದ ಭಾಷೆ ಮುಂದಿನ ತಲೆಮಾರಿಗೆ ತಲುಪೀತೇ ಎಂಬುದೇ ಪ್ರಶ್ನೆ.

ಗಿಟಾರು, ಡ್ರಮ್ಸ್ ಸೇರಿದರೆ ತತ್ತ್ವಪದ ಕೆಡುತ್ತದೆಂದು ಹಿರಿಯರು ಆಕ್ಷೇಪಿಸುವುದುಂಟು. ಆದರೆ 1819ರಲ್ಲಿ ಜನಿಸಿದ ಶರೀಫರ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಿಂದ ನಮ್ಮ ಮನೆಗಳಿಗೆ ಬಂದದ್ದಾದರೂ ಹೇಗೆ? ಸಿ. ಅಶ್ವತ್ಥ್ ಅವರ ಹೊಸ ಸ್ವರಸಂಯೋಜನೆಯಿಂದ, ಕ್ಯಾಸೆಟ್ಟುಗಳಿಂದ, 1990ರಲ್ಲಿ ತೆರೆಕಂಡ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದಿಂದ. ಅಂದು ಬದಲಾವಣೆಯನ್ನು ಆದರಿಸಿದ ನಾವು ಇಂದು ನಿರಾಕರಿಸುವುದು ಉಚಿತವಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಅಬ್ಬರದ ನಡುವೆ ಮಾತು ಕೇಳಿಸುತ್ತದೆಯೇ, ಅರ್ಥ ಮುಟ್ಟುತ್ತದೆಯೇ? ಸೋರುವ ಮನೆಯನ್ನು ಹಾಡಿದ ಶರೀಫರು ಹೇಳಿದ್ದು ಅಜ್ಞಾನದಿಂದ ಜೀರ್ಣವಾಗುವ ಬಾಳನ್ನು. ಇಲ್ಲಿ ಹುಟ್ಟಿದ ಮಗು ಆ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಸೊಗಸಾಗಿ ಹಾಡಬಲ್ಲದು. ಆದರೆ ಅರ್ಥವನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ ಅದು ಕಂಠಪಾಠವಷ್ಟೇ. ಆ ಕೆಲಸ ಯಾವ ಸಂಗೀತ ತಂಡದ್ದೂ ಅಲ್ಲ, ನಮ್ಮದು.

ಬರುವ ರಾಜ್ಯೋತ್ಸವದಂದು ನಮ್ಮ ಸಂಘಗಳು ಸನ್ಮಾನಗಳ ಸಮಯವನ್ನು ತುಸು ತಗ್ಗಿಸಲಿ. ಒಂದು ತತ್ತ್ವಪದವನ್ನು ಮಕ್ಕಳು ತಮಗೆ ಒಲಿದ ವಾದ್ಯದೊಡನೆ ಹಾಡಲಿ. ಅದಕ್ಕೂ ಮೊದಲು ಹಿರಿಯರೊಬ್ಬರು ಐದು ನಿಮಿಷ ಅದರ ಅರ್ಥ ತಿಳಿಸಲಿ. ವಾರಕ್ಕೊಮ್ಮೆಯ ಕನ್ನಡವೂ ಹೀಗೆ ಶ್ರದ್ಧೆಯಿಂದ ನಡೆದರೆ ಮಕ್ಕಳಲ್ಲಿ ಬೇರೂರಬಲ್ಲದೆಂಬುದು ನನ್ನ ನಂಬಿಕೆ.