ನಮ್ಮ ಮೋರಿಯ ನೀರು ನಮ್ಮೂರಿಗೇ

ಪುಣೆಯ ನಮ್ಮ ಕನ್ನಡ ಬಳಗದ ಪ್ರವಾಸವೆಂದರೆ ಲೋಣಾವಳ, ಇಲ್ಲವೇ ಯಾವುದಾದರೂ ರೆಸಾರ್ಟು. ಈ ಸಲ ಯೆರವಡಾದ ಡೆಕ್ಕನ್ ಕಾಲೇಜಿನ ಪುರಾತತ್ವ ಸಂಗ್ರಹಾಲಯಕ್ಕೆ ಹೋಗೋಣ ಎಂದಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ, 'ಊಟ ಎಲ್ಲಿ?' ಅಂತೂ ಮಕ್ಕಳೂ ಸೇರಿ 19 ಜನ ಹೋದೆವು.

ಹೆಸರಿಗೆ ಪುರಾತತ್ವದ್ದು; ನನಗೆ ಮಾತ್ರ ಅದು ನದಿಗಳ ಸಂಗ್ರಹಾಲಯವಾಗಿ ಕಂಡಿತು. ಭೀಮೆಯ ಉಪನದಿ ಘೋಡ್ ದಂಡೆಯ ಇನಾಮಗಾಂವ್‌ನಲ್ಲಿ 1968ರಿಂದ ಹಲವು ವರ್ಷ ಅಗೆದವರು ಈ ಕಾಲೇಜಿನವರೇ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿನ ರೈತರು ಕಾಲುವೆ ತೋಡಿ, ಒಡ್ಡು ಕಟ್ಟಿ ಹೊಳೆಯ ನೀರನ್ನು ಹೊಲಕ್ಕೆ ತಿರುಗಿಸಿದ್ದರು. ಮಳೆ ಕೈಕೊಟ್ಟು ಕ್ರಿ.ಪೂ. 700ರ ಸುಮಾರಿಗೆ ಊರನ್ನೇ ಬಿಟ್ಟರು ಎನ್ನುವುದು ಸಂಶೋಧಕರ ಅಭಿಪ್ರಾಯ. ಅವರೂ ನಮ್ಮ ಹಾಗೆ ಗುಳೆ ಹೋದವರು! ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಆಯುಧಗಳ ನೆಲೆಯನ್ನು ಅಗೆದ ಕೆ. ಪದ್ದಯ್ಯ ಇದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು ಎಂದಾಗ ನಮ್ಮ ಕಡೆಯವರ ಮುಖ ಅರಳಿತು.

ಅಲ್ಲಿಂದ ಬಂಡ್ ಗಾರ್ಡನ್ ಸೇತುವೆಗೆ ಬಂದೆವು. ಕೆಳಗೆ ಮುಳಾ-ಮುಠಾ. ಮಕ್ಕಳು ಮೂಗು ಮುಚ್ಚಿಕೊಂಡರು. ಒಬ್ಬಳು ಕೇಳಿದಳು, 'ಅಂಕಲ್, ಇದು ಎಲ್ಲಿಗೆ ಹೋಗತ್ತೆ?'

ನಮ್ಮೂರಿಗೆ! ಈ ನೀರು ಭೀಮೆಯನ್ನು ಸೇರಿ, ಉಜನಿ ಜಲಾಶಯ ದಾಟಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ಅಫಜಲಪುರ ತಾಲ್ಲೂಕಿನ ನಮ್ಮ ಹೊಲಗಳ ಪಕ್ಕದಲ್ಲೇ ಹರಿಯುತ್ತದೆ. ನನ್ನ ಮರಾಠಿ ಸಹೋದ್ಯೋಗಿ ವರ್ಷಕ್ಕೊಮ್ಮೆ ಗಾಣಗಾಪುರದ ಸಂಗಮದಲ್ಲಿ ಮುಳುಗೆದ್ದು ಬರುತ್ತಾನೆ. ಪುಣೆಯ ನೀರಿನಲ್ಲೇ ಮಿಂದು ಬಂದೆ ಎಂಬುದು ಅವನಿಗೂ ಹೊಳೆದಿಲ್ಲ. ಉಜನಿಯಲ್ಲಿ ಎಲ್ಲ ತಿಳಿಯಾಗುತ್ತದೆ ಎಂದು ಗೆಳೆಯನೊಬ್ಬ ವಾದಿಸಿದ. ಸ್ವಲ್ಪ ನಿಜ. ಆದರೆ ಉಜನಿಯ ಹಿನ್ನೀರೇ ಪಾಚಿಗಟ್ಟಿ ಹಸಿರಾಗುತ್ತದಲ್ಲ?

ಬೇಸಿಗೆಯಲ್ಲಿ ಅವ್ವ ಫೋನಿನಲ್ಲಿ ಕೇಳುತ್ತಾಳೆ: 'ಮ್ಯಾಲಿಂದ ಹೊಳಿಗಿ ನೀರ್ ಬಿಟ್ಟಾರೇನಪಾ?' ಆಗ ನಾವೆಲ್ಲ ಬಳಗದಲ್ಲಿ ಮಹಾರಾಷ್ಟ್ರವನ್ನು ಬೈಯುತ್ತೇವೆ. ಎಷ್ಟು ನೀರು ಬಿಡುತ್ತಾರೆ ಎಂದು ಕೇಳಿದ್ದೇವೆ, ಎಂಥ ನೀರು ಎಂದು ಕೇಳಿಲ್ಲ. ಕೇಳಿದರೆ ಉತ್ತರ ನಮ್ಮ ಬಚ್ಚಲಿನಿಂದಲೇ ಶುರುವಾಗುತ್ತದೆ. ಅವ್ವ ಹೇಳುವ 'ಮ್ಯಾಲಿ'ನಲ್ಲಿ ಈಗ ಇರುವವರು ನಾವೇ.

ನಮ್ಮ ವಸತಿ ಸಮುಚ್ಚಯದಲ್ಲಿ ಕೊಳಚೆ ಶುದ್ಧೀಕರಣ ಘಟಕವಿದೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಅದನ್ನು ನಿಲ್ಲಿಸೋಣ ಎಂದು ಕಳೆದ ವರ್ಷ ಸಭೆಯಲ್ಲಿ ತೀರ್ಮಾನವಾಯಿತು. ಎಂ.ಟೆಕ್. ಓದಿದ ನನಗೆ ಅದರ ಪರಿಣಾಮ ಗೊತ್ತಾಗದ್ದೇನಲ್ಲ. ಆದರೂ, ಹೊರಗಿನವನಿಗೆ ಯಾಕೆ ಉಸಾಬರಿ ಎಂದು ಸುಮ್ಮನೆ ಕೂತೆ. ಬಾಡಿಗೆದಾರನೂ ಅಲ್ಲ ನಾನು, ಮನೆ ಮಾಲೀಕ.

ರಾಜ್ಯೋತ್ಸವದ ಊಟದ ಪಟ್ಟಿಗೆ ನಮ್ಮ ಬಳಗ ಮೂರು ಸಭೆ ಮಾಡುತ್ತದೆ. ಈ ಸಲ ಒಂದು ಸಭೆಯಲ್ಲಾದರೂ ಪ್ರತಿಯೊಬ್ಬರೂ ತಮ್ಮ ಸೊಸೈಟಿಯ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿಕೊಂಡು ಬಂದು ಹೇಳಬೇಕು ಎಂದು ಕೇಳಿಕೊಂಡಿದ್ದೇನೆ. ನಾಲ್ವರು ಒಪ್ಪಿದ್ದಾರೆ. ನಮ್ಮ ಸೊಸೈಟಿಯ ಸಭೆ ಮುಂದಿನ ಭಾನುವಾರ. ನನ್ನ ಮರಾಠಿ ಹರಕುಮುರುಕು. ಬೇಕಾದ ನಾಲ್ಕು ವಾಕ್ಯ ಬರೆದಿಟ್ಟುಕೊಂಡಿದ್ದೇನೆ.