ಚಾನೆಲ್ ಆರಿಸುವ ಮುನ್ನ ಟಿ.ವಿ. ಆರಿಸಿ ನೋಡಿ

"ಡಾಕ್ಟ್ರೇ, ಇವನಿಗೆ ಹಸಿವಾಗಲು ಒಂದು ಟಾನಿಕ್ ಕೊಡಿ" ಎಂದು ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ಕರೆತಂದಿದ್ದರು. ಪರೀಕ್ಷಿಸಿದೆ. ತೂಕ ವಯಸ್ಸಿಗೆ ತಕ್ಕಂತೆಯೇ ಇತ್ತು. ಊಟ ಹೇಗೆ ಮಾಡಿಸುತ್ತೀರಿ ಎಂದು ಕೇಳಿದೆ. "ಟಿ.ವಿ. ಹಾಕಿದರೆ ಬಾಯಿ ತೆರೆಯುತ್ತಾನೆ. ಆಫ್ ಮಾಡಿದರೆ ತಟ್ಟೆ ತಳ್ಳಿ ಕಿರುಚುತ್ತಾನೆ. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ" ಎಂದರು. ಹೊರಡುವಾಗ ಇನ್ನೊಂದು ಪ್ರಶ್ನೆ: "ಹಾಗಾದರೆ ಮಕ್ಕಳಿಗೆ ಒಳ್ಳೆಯ ಚಾನೆಲ್ ಯಾವುದು?"

ಒಂದು ಹೆಸರು ಹೇಳಿ ಕಳುಹಿಸಬಹುದಿತ್ತು. ಆದರೆ ಒಂದೇ ಚಾನೆಲಿನಲ್ಲಿ ಬೆಳಿಗ್ಗೆ ಒಳ್ಳೆಯ ಕಥೆ ಬಂದರೆ ಸಂಜೆ ಬರೀ ಹೊಡೆದಾಟ ಬರಬಹುದು. ಚಾನೆಲಿನ ಗುಣ ತಿಳಿಯಬೇಕಾದರೆ ಟಿ.ವಿ. ಆರಿಸಿದ ಮೇಲೆ ಮಗುವಿನ ಮುಖ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಕ್ರಿ.ಶ. 1037ರಲ್ಲಿ ನಿಧನರಾದ ಮಹಾನ್ ವೈದ್ಯ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಮಕ್ಕಳ ಪಾಲನೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬೆಳೆಯುವ ಮಗುವನ್ನು ಅತಿಯಾದ ಕೋಪ, ಭಯ, ದುಃಖ ಮತ್ತು ನಿದ್ದೆಗೇಡಿನಿಂದ ಕಾಪಾಡಬೇಕು, ಸ್ವಭಾವ ಕೆಟ್ಟರೆ ದೇಹದ ಮಿಝಾಜ್ ಕೂಡ ಕೆಡುತ್ತದೆ ಎಂಬುದು ಅವರ ಸಲಹೆಯ ಸಾರ. ಟಿ.ವಿ. ಇಲ್ಲದ ಕಾಲದ ಈ ನಾಲ್ಕು ಮಾತುಗಳು ಇಂದು ಚಾನೆಲ್ ಪರೀಕ್ಷಿಸಲು ಸಾಕು.

ಮೂರು ದಿನ ಒಂದೇ ಹೊತ್ತಿಗೆ, ಒಂದೇ ಕಾರ್ಯಕ್ರಮವನ್ನು ಅರ್ಧ ಗಂಟೆ ಮಗುವಿನ ಜೊತೆ ಕುಳಿತು ನೋಡಿ. ನಂತರ ಟಿ.ವಿ. ಆರಿಸಿ ಗಮನಿಸಿ. ಸ್ವಲ್ಪ ಅತ್ತು ಆಟಕ್ಕೆ ಹೋಗುತ್ತದೆಯೇ, ಅಥವಾ ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆಯೇ? ಬಚ್ಚಲಿಗೆ ಒಂಟಿಯಾಗಿ ಹೋಗಲು ಹೊಸದಾಗಿ ಹೆದರುತ್ತಿದೆಯೇ? ಮಂಕಾಗಿ ಮೂಲೆಯಲ್ಲಿ ಕೂರುತ್ತದೆಯೇ? ಮಲಗಿದ ಮೇಲೆ ನಿದ್ದೆ ಹತ್ತಲು ಬಹಳ ಹೊತ್ತು ಬೇಕೇ? ನಾಲ್ಕರಲ್ಲಿ ಒಂದಕ್ಕೆ 'ಹೌದು' ಎಂದಾದರೂ ಆ ಕಾರ್ಯಕ್ರಮ ನಿಮ್ಮ ಮಗುವಿಗೆ ಬೇಡ. ಒಳ್ಳೆಯ ಕಾರ್ಯಕ್ರಮ ನೋಡಿದ ಮಗು ಆ ಕಥೆಯನ್ನು ಅಜ್ಜಿಗೆ ಹೇಳುತ್ತದೆ, ಆಟದಲ್ಲಿ ತರುತ್ತದೆ.

ಕಾರ್ಯಕ್ರಮದ ವೇಗವನ್ನೂ ನೋಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಕಾರ್ಟೂನನ್ನು ಕೇವಲ 9 ನಿಮಿಷ ನೋಡಿದ ಮಕ್ಕಳು, ನಿಧಾನಗತಿಯ ಕಾರ್ಯಕ್ರಮ ನೋಡಿದವರಿಗಿಂತಲೂ ಚಿತ್ರ ಬಿಡಿಸುತ್ತಿದ್ದವರಿಗಿಂತಲೂ ಗಮನ ಮತ್ತು ಸಂಯಮದ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಇದು ಚಿಕ್ಕ ಅಧ್ಯಯನ, ನೋಡಿದ ತಕ್ಷಣದ ಪರಿಣಾಮವನ್ನು ಮಾತ್ರ ಅಳೆದದ್ದು. ಆದರೂ ಹೋಮ್‌ವರ್ಕಿಗೆ, ಮದ್ರಸದ ಪಾಠಕ್ಕೆ ಕೂರಿಸುವ ಮುನ್ನ ಕಾರ್ಟೂನ್ ಹಾಕುವವರು ಇದನ್ನು ನೆನಪಿಡಬೇಕು.

ಭಾಷೆಯೂ ಮುಖ್ಯ. ಚಿಂಟು ಟಿ.ವಿ.ಯಂತಹ ಕನ್ನಡ ಮಕ್ಕಳ ಚಾನೆಲಿನ ಒಂದು ಅನುಕೂಲವೆಂದರೆ ಮನೆಯ ಹಿರಿಯರಿಗೂ ಅದು ಅರ್ಥವಾಗುತ್ತದೆ. "ಆನೆ ಯಾಕೆ ಅತ್ತಿತು?" ಎಂದು ಬ್ಯಾರಿಯಲ್ಲೋ ಉರ್ದುವಿನಲ್ಲೋ ಮಗುವನ್ನು ಕೇಳಬಹುದು. ಮಗು ಕಲಿಯುವುದು ಈ ಮಾತುಕತೆಯಿಂದ. ಹಾಗೆಂದು ಅದರಲ್ಲಿ ಬರುವುದೆಲ್ಲ ಒಳ್ಳೆಯದೆಂದಲ್ಲ, ಅದಕ್ಕೂ ಮೇಲಿನ ಪರೀಕ್ಷೆ ಬೇಕು. ಚಿಪ್ಸ್, ಚಾಕಲೇಟ್, ಸಿಹಿ ಪಾನೀಯಗಳ ಜಾಹೀರಾತು ಬಂದಾಗ ಧ್ವನಿ ನಿಲ್ಲಿಸಿ. ಜಾಹೀರಾತು ಯಾವುದು, ಕಥೆ ಯಾವುದು ಎಂದು ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ 1980ರಿಂದಲೇ ನಿಷೇಧವಿದೆ.

ಕೆಲವರು ಮುನಿಸಿಕೊಳ್ಳಬಹುದಾದ ಒಂದು ಮಾತನ್ನೂ ಹೇಳಬೇಕು. "ಪ್ರವಾದಿಗಳ ಕಥೆ, ನಶೀದ್ ತಾನೇ? ಎಷ್ಟು ಹೊತ್ತು ನೋಡಿದರೂ ತೊಂದರೆಯಿಲ್ಲ" ಎನ್ನುವ ಹೆತ್ತವರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ವಿಷಯ ಉತ್ತಮವಾಗಿರುವುದು ಸಂತೋಷ. ಆದರೆ ಬಿಸ್ಮಿಲ್ಲಾಹ್ ಹೇಳಿ ಉಂಡರೂ ಅತಿಯಾಗಿ ಉಂಡರೆ ಹೊಟ್ಟೆ ಕೆಡುತ್ತದೆ. ಮೂರು ಗಂಟೆ ನಶೀದ್ ನೋಡಿದರೂ ಮಗುವಿನ ಮೂರು ಗಂಟೆಯ ಓಟ, ಆಟ ಹೋದಂತೆಯೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ಎರಡು ವರ್ಷ ತುಂಬುವವರೆಗೆ ಟಿ.ವಿ., ಮೊಬೈಲ್ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಉತ್ತಮ. 3-4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಆದ್ದರಿಂದ ಊಟದ ಹೊತ್ತಿಗೆ ಮತ್ತು ಮಲಗುವ ಮುಂಚಿನ ಒಂದು ಗಂಟೆ ಟಿ.ವಿ. ಬೇಡವೇ ಬೇಡ. ಎರಡು ವರ್ಷವಾದರೂ ಮಗು ಎರಡು ಪದ ಕೂಡಿಸಿ ಮಾತನಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಟಿ.ವಿ.ಯನ್ನು ದೂರಿ ಸುಮ್ಮನಿರಬೇಡಿ. ಮಕ್ಕಳ ತಜ್ಞರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಇದೆಲ್ಲ ತಾಯಿಯೊಬ್ಬಳ ಹೊಣೆಯಲ್ಲ. ಮಗ್ರಿಬ್ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅದೇ ಹೊತ್ತಿಗೆ ಅಡುಗೆ, ನಮಾಝ್, ದೊಡ್ಡ ಮಕ್ಕಳ ಪಾಠ ಎಲ್ಲವೂ ತಾಯಿಯ ಮೇಲೆ ಬೀಳುತ್ತದೆ. ಗಂಡ ಗಲ್ಫಿನಲ್ಲಿದ್ದರಂತೂ ಕೇಳುವುದೇ ಬೇಡ. ರಿಮೋಟ್ ಕೈಗೆತ್ತಿಕೊಂಡ ಆಕೆಯನ್ನು ದೂರುವ ಬದಲು ಮನೆಯಲ್ಲಿರುವ ಗಂಡಸರು ಆ ಒಂದು ಗಂಟೆ ಮಗುವಿನ ಜೊತೆ ಕೂರಲಿ.

ಆ ತಾಯಿಗೆ ನಾನು ಟಾನಿಕ್ ಕೊಡಲಿಲ್ಲ. ಅಸರ್ ನಂತರ ಅರ್ಧ ಗಂಟೆ ಮಾತ್ರ ಟಿ.ವಿ., ಊಟ ಎಲ್ಲರ ಜೊತೆ ಸುಪ್ರದಲ್ಲಿ ಎಂದು ಬರೆದುಕೊಟ್ಟೆ. ತಿಂಗಳ ಬಳಿಕ ಬಂದರು. ಮೊದಲ ನಾಲ್ಕು ದಿನ ಮನೆಯೆಲ್ಲ ರಂಪವಂತೆ. ಈಗ ಒಂಬತ್ತೂವರೆಗೆ ಮಲಗುತ್ತಾನೆ, ಹಸಿವಾದರೆ ತಾನೇ ಕೇಳುತ್ತಾನೆ. ಚಾನೆಲ್ ಯಾವುದು ಎಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದರ ಕಾವಲನ್ನು ಯಾವ ಚಾನೆಲಿಗೂ ಒಪ್ಪಿಸದಿರೋಣ.